ತುದಿ ಯಾರ ಕೈಯಲ್ಲಿದೆ?

ಕಳೆದ ಡಿಸೆಂಬರ್‌ನಲ್ಲಿ ಒಂದು ಪುಟ್ಟ ಡಬ್ಬಿ ನನ್ನ ಮೇಜಿನ ಮೇಲೆ ಬಂದು ಕೂತಿತು. ಎರಡು ಅಂಗೈ ಜೋಡಿಸಿದಷ್ಟು ಅಗಲ. ಒಳಗೆ ಒಂದು ಆರ್ಮ್ ಪ್ರೊಸೆಸರ್, 64 ಎಂಬಿ ಮೆಮೊರಿ, ಅದರ ಮೇಲೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ, 5.10ನೇ ಆವೃತ್ತಿ. ತರಕಾರಿ, ಹಣ್ಣು ಇಡುವ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಗೋಡೆಗೆ ಹಾಕುವ ಡಬ್ಬಿ ಅದು. 16 ಕಡೆಯಿಂದ, ಅಂದರೆ 16 ಚಾನೆಲ್‌ಗಳಿಂದ, ಉಷ್ಣತೆ, ತೇವಾಂಶ ಓದುತ್ತದೆ. ಮಿತಿ ಮೀರಿದರೆ ಅಲಾರಂ ಹೊಡೆಯಬೇಕು. ಅದನ್ನು ತಯಾರಿಸುವ ಕಂಪನಿಗೆ ನಾನು ಮನೆಯಿಂದಲೇ ಕೆಲಸ ಮಾಡಿಕೊಡುತ್ತೇನೆ.

ಅವರ ದೂರು ಹೀಗಿತ್ತು. ಡಬ್ಬಿ ಮೂರು ದಿನ ಚೆನ್ನಾಗಿರುತ್ತದೆ. ನಾಲ್ಕನೇ ದಿನ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಒಂದೆರಡು ಚಾನೆಲ್‌ಗಳ ಅಲಾರಂ ಸದ್ದಿಲ್ಲದೆ ನಿಂತುಹೋಗಿರುತ್ತದೆ. ಇನ್ನೂ ಒಂದು ದೂರಿತ್ತು. ಎರಡು ತಿಂಗಳಿಗೊಮ್ಮೆ, ಯಾವುದೋ ಒಂದು ಊರಿನಲ್ಲಿ, ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಚಿಪ್ ನಡೆಸುವ ಕೋಡ್) ಒಳಗೆ, ಲಿನಕ್ಸ್‌ನ ತಿರುಳಾದ ಕರ್ನಲ್ ಬಿದ್ದುಹೋಗುತ್ತದೆ. ಇವೆರಡೂ ಬೇರೆ ಬೇರೆ ತೊಂದರೆ ಅಂತ ಅವರು ಬೇರೆ ಬೇರೆ ಟಿಕೆಟ್ ಹಾಕಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನಿರುವುದು ಶಿಡ್ಲಘಟ್ಟದಲ್ಲಿ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಇದ್ದು, ಅಪ್ಪ ಹೋದ ಮೇಲೆ ಅಮ್ಮನ ಜೊತೆ ಇರೋಣ ಅಂತ ಊರಿಗೆ ವಾಪಸ್ ಬಂದೆ. ಮಹಡಿ ಮೇಲಿನ ರೂಮಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ಟೆಂಪೊಗಳ ಸದ್ದು, ಮಧ್ಯಾಹ್ನದ ಹೊತ್ತಿಗೆ ಬೇಯಿಸಿದ ಗೂಡಿನ ವಾಸನೆ. ಹೊರಗಿನವರಿಗೆ ಆ ವಾಸನೆ ತಡೆಯೋಕೆ ಆಗಲ್ಲ. ನನಗೆ ಅದು ಮನೆಯ ವಾಸನೆ. ಅಮ್ಮ 18 ವರ್ಷ ಬಿಚ್ಚಾಣಿಕೆಯಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವಲ್ಲಿ, ಕೆಲಸ ಮಾಡಿದವಳು. ಬಿಸಿನೀರಿನಲ್ಲಿ ಕೈ ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಇವತ್ತಿಗೂ ನುಣುಪಾಗಿವೆ. ಫೋನಿನ ಬೆರಳಚ್ಚು ಲಾಕ್ ಅವಳ ಕೈಗೆ ತೆಗೆಯುವುದೇ ಇಲ್ಲ. ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು ಆ ಬೆರಳುಗಳೇ.

ಸೆನ್ಸರ್‌ಗಳನ್ನು ನೋಡಿಕೊಳ್ಳುವ ಡ್ರೈವರಿನ ಕೋಡ್ ತೆರೆದೆ. ಸೆಟ್ಟಿಂಗ್ ಓದುವ ಭಾಗ ಒಂದೇ ಕಡತದಲ್ಲಿ 412 ಸಾಲು. ಪ್ರತಿ ಚಾನೆಲ್‌ಗೂ ಒಂದು ಸಾಲಿನ ಸೆಟ್ಟಿಂಗ್ ಇರುತ್ತದೆ: ಕೋಣೆಯ ಹೆಸರು, ಸೆನ್ಸರ್ ಬಗೆ, ಕನಿಷ್ಠ, ಗರಿಷ್ಠ, ಎಷ್ಟು ಸೆಕೆಂಡಿಗೊಮ್ಮೆ ಓದಬೇಕು, ಅಲಾರಂ ಬೇಕೋ ಬೇಡವೋ. ಎಲ್ಲಾ ಒಟ್ಟಿಗೆ, ನಡುವೆ ಕೋಲನ್. ಸುಮಾರು 45 ಅಕ್ಷರದ ಸ್ಟ್ರಿಂಗ್. ಕರ್ನಲ್‌ನ ಮೇಲೆ ಓಡುವ ಪ್ರೋಗ್ರಾಂ ಅದನ್ನು ಸಿಸ್‌ಎಫ್‌ಎಸ್ ಕಡತಕ್ಕೆ, ಅಂದರೆ ಕರ್ನಲ್‌ಗೆ ಮಾತು ತಲುಪಿಸುವ ವಿಶೇಷ ಕಡತಕ್ಕೆ, ಬರೆಯುತ್ತದೆ. ಡ್ರೈವರ್ ಅದನ್ನು ಕೋಲನ್ ಇದ್ದಲ್ಲೆಲ್ಲ ಕತ್ತರಿಸಿ, ತುಂಡುಗಳನ್ನು ಓದಿಕೊಳ್ಳುತ್ತದೆ. ಇಷ್ಟೇ ಕೆಲಸ.

ಈ ಕತ್ತರಿಸುವುದು ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಸಿ ಭಾಷೆಯಲ್ಲಿ ಸ್ಟ್ರಿಂಗ್ ಅಂದರೆ ಮೆಮೊರಿಯಲ್ಲಿ ಸಾಲಾಗಿ ಕೂತ ಅಕ್ಷರಗಳು. ಕೊನೆಯಲ್ಲಿ ಒಂದು ಸೊನ್ನೆ. ಸ್ಟ್ರಿಂಗ್ ಎಷ್ಟು ಉದ್ದ ಅಂತ ಬೇರೆಲ್ಲೂ ಬರೆದಿಟ್ಟಿರುವುದಿಲ್ಲ. ಸೊನ್ನೆ ಸಿಕ್ಕಲ್ಲಿಗೆ ಮುಗಿಯಿತು. ಹಾಗಾಗಿ ಒಂದು ಸ್ಟ್ರಿಂಗ್ ಅನ್ನು ತುಂಡು ಮಾಡಲು ತುಂಬಾ ಅಗ್ಗದ ದಾರಿ ಒಂದಿದೆ. ಕೋಲನ್ ಇರುವ ಜಾಗದಲ್ಲೇ ಸೊನ್ನೆ ಬರೆದುಬಿಡುವುದು. ಏನೂ ನಕಲು ಮಾಡಬೇಕಾಗಿಲ್ಲ. ಒಂದು ಸಾಲು ಇದ್ದಲ್ಲೇ ಆರು ಸಾಲಾಗುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಈ ಕೆಲಸ ಮಾಡುವುದು ಸ್ಟ್ರ್‌ಸೆಪ್ ಎಂಬ ಫಂಕ್ಷನ್.

ಮೊದಲು ಅಲ್ಲಿ ಇದ್ದದ್ದು ಸ್ಟ್ರ್‌ಟಾಕ್. ಅದು ತಾನು ಎಲ್ಲಿಯವರೆಗೆ ಬಂದೆ ಎನ್ನುವುದನ್ನು ತನ್ನೊಳಗೇ ಒಂದು ಕಡೆ ಗುಟ್ಟಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಒಬ್ಬರೇ ಬಳಸಿದರೆ ಸರಿ. ಕರ್ನಲ್‌ನಲ್ಲಿ ಎರಡು ಪ್ರೊಸೆಸರ್ ಒಂದೇ ಹೊತ್ತಿಗೆ ಅದನ್ನು ಕರೆದರೆ ಒಬ್ಬರ ನೆನಪಿನ ಮೇಲೆ ಇನ್ನೊಬ್ಬರು ಬರೆಯುತ್ತಾರೆ. ಹಳೆಯ ಕರ್ನಲ್‌ಗಳ ಸ್ಟ್ರಿಂಗ್ ಕಡತದ ತಲೆಯಲ್ಲಿ ಈ ಬದಲಾವಣೆಯ ದಿನಚರಿಯೇ ಇದೆ. 1999ರ ಜೂನ್ 25ರಂದು ಸ್ಟ್ರ್‌ಸೆಪ್ ಬಂತು. ಇನ್ನು ಹೊಸ ಕೋಡ್‌ಗೆ ಇದನ್ನೇ ಬಳಸಿ ಎಂಬ ಮನವಿಯೂ ಅಲ್ಲೇ ಇದೆ. 2002ರ ಫೆಬ್ರವರಿ 9ರಂದು ಸ್ಟ್ರ್‌ಟಾಕ್‌ಗೆ ವಿದಾಯ. ಒಂದು ಫಂಕ್ಷನ್ ಕಳಿಸಿಕೊಡಲು ಎರಡೂವರೆ ವರ್ಷ ಕಾದಿದ್ದಾರೆ. ಅದನ್ನು ಕರೆಯುತ್ತಿದ್ದ ಒಂದೊಂದು ಜಾಗವನ್ನೂ ಹುಡುಕಿ ಬದಲಿಸಬೇಕಲ್ವಾ.

ಸ್ಟ್ರ್‌ಸೆಪ್ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಎಲ್ಲಿಯವರೆಗೆ ಬಂದೆ ಎನ್ನುವುದನ್ನು ನಿಮ್ಮ ಪಾಯಿಂಟರ್‌ನಲ್ಲೇ, ಅಂದರೆ ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಜಾಗದಲ್ಲೇ, ಬರೆಯುತ್ತದೆ. ಒಂದು ತುಂಡನ್ನು ನಿಮ್ಮ ಕೈಗೆ ಕೊಟ್ಟು, ನಿಮ್ಮ ಪಾಯಿಂಟರ್ ಅನ್ನು ಮುಂದಿನ ತುಂಡಿನ ಮೊದಲಿಗೆ ಸರಿಸುತ್ತದೆ. ಎಲ್ಲಾ ತುಂಡು ಮುಗಿದಾಗ ಆ ಪಾಯಿಂಟರ್ ಅನ್ನು ನಲ್ ಮಾಡುತ್ತದೆ, ಯಾವ ವಿಳಾಸವೂ ಇಲ್ಲದ ಹಾಗೆ. ಅಂದರೆ ನೀವು ಯಾವ ಪಾಯಿಂಟರ್ ಕೊಟ್ಟಿರೋ ಅದು ಹೋದ ಹಾಗೇ. ಸ್ಟ್ರಿಂಗಿನ ಮೊದಲ ವಿಳಾಸ ನಿಮಗೆ ಆಮೇಲೆ ಬೇಕಿದ್ದರೆ, ಮುಂಚೆಯೇ ಇನ್ನೊಂದು ಕಡೆ ಇಟ್ಟುಕೊಂಡಿರಬೇಕು.

ಅದು ಬೇಕೇ ಬೇಕು. ಯಾಕೆಂದರೆ ಸಿಸ್‌ಎಫ್‌ಎಸ್ ಕೊಡುವ ಸ್ಟ್ರಿಂಗ್ ನಮ್ಮದಲ್ಲ, ಅದರಲ್ಲಿ ಸೊನ್ನೆ ಬರೆಯುವ ಹಾಗಿಲ್ಲ. ಆದ್ದರಿಂದ ಮೊದಲು ಕೆಸ್ಟ್ರ್‌ಡಪ್ ಮಾಡಿ ಸ್ವಂತ ನಕಲು ತೆಗೆದುಕೊಳ್ಳುತ್ತೇವೆ. ಅದು ಮೆಮೊರಿ ಕೇಳಿ ತರುತ್ತದೆ. ಕೆಲಸವಾದ ಮೇಲೆ ಕೆಫ್ರೀ ಮಾಡಿ ಹಿಂದಿರುಗಿಸಬೇಕು. ಹಿಂದಿರುಗಿಸಲು ಸರಿಯಾಗಿ ಅದೇ ಮೊದಲ ವಿಳಾಸ ಬೇಕು.

ನನ್ನ ಮುಂದಿದ್ದ ಕೋಡ್ ಹೀಗಿತ್ತು. ಕೆಸ್ಟ್ರ್‌ಡಪ್ ಮಾಡಿ ಪಿ ಎಂಬ ಪಾಯಿಂಟರ್‌ನಲ್ಲಿ ಇಟ್ಟಿದ್ದಾರೆ. ಮತ್ತೆ ಮತ್ತೆ ಓಡುವ ಲೂಪಿನಲ್ಲಿ ಅದೇ ಪಿ ಅನ್ನು ಸ್ಟ್ರ್‌ಸೆಪ್‌ಗೆ ಕೊಟ್ಟಿದ್ದಾರೆ. ಕೊನೆಯಲ್ಲಿ ಕೆಫ್ರೀ ಪಿ. ಓದಿದರೆ ಎಷ್ಟು ಸರಿಯಾಗಿ ಕಾಣುತ್ತದೆ ನೋಡಿ. ತಂದದ್ದೂ ಇದೆ, ಕೊಟ್ಟದ್ದೂ ಇದೆ. ನಾನೇ ಎರಡು ಸಲ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ.

ಆದರೆ ಲೂಪು ಪೂರ್ತಿ ಓಡಿ ಮುಗಿದಾಗ ಪಿ ನಲ್ ಆಗಿರುತ್ತದೆ. ಕೆಫ್ರೀಗೆ ನಲ್ ಕೊಟ್ಟರೆ ಅದು ಏನೂ ಮಾಡುವುದಿಲ್ಲ, ಸುಮ್ನೆ ವಾಪಸ್ ಬರುತ್ತದೆ. ಅದು ನಿಯಮವೇ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ತಂದ ಮೆಮೊರಿ ಮಾತ್ರ ಅಲ್ಲೇ ಉಳಿಯುತ್ತದೆ. ಅದರ ವಿಳಾಸ ಈಗ ಯಾರ ಹತ್ತಿರವೂ ಇಲ್ಲ.

ಲೆಕ್ಕ ಹಾಕಿದೆ. 46 ಬೈಟ್ ಕೇಳಿದರೆ ಕರ್ನಲ್ 64 ಬೈಟಿನ ಖಾನೆ ಕೊಡುತ್ತದೆ. ಮೇಲಿನ ಪ್ರೋಗ್ರಾಂ ಪ್ರತಿ 10 ಸೆಕೆಂಡಿಗೆ 16 ಚಾನೆಲ್‌ಗಳ ಸೆಟ್ಟಿಂಗ್ ಅನ್ನೂ ಮತ್ತೆ ಬರೆಯುತ್ತದೆ, ಬದಲಾಗಿರಲಿ ಬಿಡಲಿ. ದಿನಕ್ಕೆ 8,640 ಸಲ, ಗುಣಿಸು 16, ಅಂದರೆ 1,38,240 ಬರಹ. ಗುಣಿಸು 64. ದಿನಕ್ಕೆ 88 ಲಕ್ಷ ಬೈಟ್ ದಾಟುತ್ತದೆ, ಹತ್ತಿರ ಹತ್ತಿರ ಎಂಟೂವರೆ ಎಂಬಿ. ಡಬ್ಬಿ ಆನ್ ಆದಾಗ ಖಾಲಿ ಇರುವ ಮೆಮೊರಿ 30 ಎಂಬಿ ಸುತ್ತಮುತ್ತ. ನಾಲ್ಕನೇ ದಿನ. ಆ ಕಾಗದದ ಮೇಲೆ ನಾಲ್ಕು ಎಂಬ ಅಂಕಿ ನೋಡಿದಾಗ ಮೈ ಜುಮ್ಮೆಂದಿತು.

ಇದು ಒಂದು ಮುಖ. ಇನ್ನೊಂದು ಮುಖ ಕೆಟ್ಟದ್ದು. ಸೆಟ್ಟಿಂಗಿನಲ್ಲಿ ಏನಾದರೂ ತಪ್ಪಿದ್ದರೆ, ಉದಾಹರಣೆಗೆ ಗರಿಷ್ಠದ ಜಾಗದಲ್ಲಿ ಅಂಕಿ ಇಲ್ಲದಿದ್ದರೆ, ಕೋಡು ಲೂಪಿನ ಮಧ್ಯದಿಂದಲೇ ಹೊರಗೆ ಹಾರುತ್ತದೆ. ಆಗ ಪಿ ನಲ್ ಅಲ್ಲ. ಸ್ಟ್ರಿಂಗಿನ ಹೊಟ್ಟೆಯ ಮಧ್ಯೆ ಎಲ್ಲೋ ಇರುತ್ತದೆ. ಆ ವಿಳಾಸವನ್ನೇ ಕೆಫ್ರೀ ಮಾಡುತ್ತಾರೆ. ಕರ್ನಲ್ ನಂಬುತ್ತದೆ. ಖಾನೆಯ ಮಧ್ಯದ ವಿಳಾಸವನ್ನು ಖಾಲಿ ಖಾನೆಗಳ ಪಟ್ಟಿಗೆ ಸೇರಿಸಿಬಿಡುತ್ತದೆ. ಆಮೇಲೆ ಯಾರೋ 64 ಬೈಟ್ ಕೇಳಿದಾಗ, ಅರ್ಧ ಈ ಖಾನೆ ಅರ್ಧ ಪಕ್ಕದ ಖಾನೆ ಸೇರಿಸಿ ಕೊಡುತ್ತದೆ. ಆ ಯಾರೋ ನೆಟ್‌ವರ್ಕ್ ಡ್ರೈವರ್ ಆಗಿರಬಹುದು. ಬೀಳುವುದು ಅವನು. ತಪ್ಪು ಮಾಡಿದವನು ಬೇರೆ ಕಡತದಲ್ಲಿ ಆರಾಮಾಗಿ ಇರುತ್ತಾನೆ. ಎರಡು ತಿಂಗಳಿಗೊಮ್ಮೆ ಯಾರೋ ಒಬ್ಬರು ಸೆಟ್ಟಿಂಗ್ ತಪ್ಪಾಗಿ ಹಾಕುತ್ತಿದ್ದರು, ಅಷ್ಟೇ. ಎರಡು ಟಿಕೆಟ್, ಒಂದೇ ಸಾಲು.

ಆ ದಿನ ಸಂಜೆ ಕರೆಂಟ್ ಹೋಯಿತು. ಕೆಳಗೆ ಬಂದೆ. ಅಮ್ಮ ಎಮರ್ಜೆನ್ಸಿ ಲೈಟ್ ಮುಂದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಕೂತೆ.

"ಏನಮ್ಮಾ, ಎರಡು ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದೀಯ?" ಅಂದಳು.

ಹೇಳಿದೆ. ಕಂಪ್ಯೂಟರ್ ಮಾತು ಬಿಟ್ಟು ಹೇಳಿದೆ. ಒಂದು ಉದ್ದ ಎಳೆ ಇದೆ ಅಂದ್ಕೋ. ಅದನ್ನ ಬೇಯಿಸೋ ಪಾತ್ರೆ ಬಾಡಿಗೆಗೆ ತಂದಿದ್ದೀವಿ. ಎಳೆ ಎಳೀತಾ ಎಳೀತಾ ಮುಂದೆ ಹೋಗ್ತೀವಿ. ಕೆಲಸ ಮುಗಿದ ಮೇಲೆ ಪಾತ್ರೆ ವಾಪಸ್ ಕೊಡಬೇಕು. ಆದರೆ ಎಳೆಯ ಮೊದಲನೇ ತುದಿಗೇ ಪಾತ್ರೆ ಕಟ್ಟಿರೋದು.

ಅಮ್ಮ ಕಾಯಿ ಬಿಡಿಸುವುದು ನಿಲ್ಲಿಸಲಿಲ್ಲ. "ತುದಿ ಯಾರ ಕೈಲಿದೆ ಹಂಗಾದ್ರೆ?" ಅಂದಳು.

ಯಾರ ಕೈಯಲ್ಲೂ ಇಲ್ಲ ಅಮ್ಮ, ಅದೇ ತೊಂದರೆ ಅಂದೆ.

ಬಿಚ್ಚಾಣಿಕೆಯಲ್ಲಿ ಮೊದಲ ಕೆಲಸವೇ ಅದು. ಗೂಡು ಬೇಯಿಸಿದಾಗ ಅಂಟು ಮೆತ್ತಗಾಗುತ್ತದೆ. ಬ್ರಷ್ ಆಡಿಸಿ ಪ್ರತಿ ಗೂಡಿನ ತುದಿ ಹಿಡಿಯುತ್ತಾರೆ. ಕೆಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು. ಒಂದು ಗೂಡಿನಲ್ಲಿ ನೂರಾರು ಮೀಟರ್ ಒಂದೇ ಎಳೆ ಇರುತ್ತದೆ. ಮಧ್ಯೆ ಎಲ್ಲಾದರೂ ತುಂಡಾದರೆ ಆ ಗೂಡು ನೂಲಿನಿಂದ ಬಿಟ್ಟುಹೋಗುತ್ತದೆ, ನೂಲು ತೆಳ್ಳಗಾಗುತ್ತದೆ. ತಕ್ಷಣ ಮತ್ತೆ ತುದಿ ಹುಡುಕಿ ಸೇರಿಸಬೇಕು. ಅಮ್ಮ ಮಾತಾಡುತ್ತಲೇ, ನನ್ನ ಶಾಲೆಯ ಲೆಕ್ಕ ಕೇಳುತ್ತಲೇ, ನೀರಿನೊಳಗೆ ಬೆರಳಿನಿಂದ ಆ ತುದಿ ಹುಡುಕುತ್ತಿದ್ದಳು. ಕಣ್ಣಿಗೆ ಕಾಣದ ಎಳೆ ಅದು. ಅವಳು ಕೇಳಿದ ಆ ಒಂದು ಪ್ರಶ್ನೆಯನ್ನೇ ಮಾರನೇ ದಿನದಿಂದ ಕೋಡಿನ ಒಂದೊಂದು ಪಾಯಿಂಟರ್‌ಗೂ ಕೇಳುತ್ತಾ ಹೋದೆ. ನಿನ್ನ ತುದಿ ಯಾರ ಕೈಯಲ್ಲಿದೆ?

ಕೇಳಿದಷ್ಟೂ ಸಿಕ್ಕಿತು. ಸ್ಟ್ರಿಮ್ ಎಂಬ ಫಂಕ್ಷನ್ ಇದೆ. ಸ್ಟ್ರಿಂಗಿನ ಎರಡು ಬದಿಯ ಖಾಲಿ ಜಾಗ ತೆಗೆಯುತ್ತದೆ. ಟರ್ಮಿನಲ್‌ನಿಂದ ಎಕೋ ಕಮಾಂಡ್ ಕೊಟ್ಟು ಸೆಟ್ಟಿಂಗ್ ಬರೆದರೆ ಕೊನೆಗೊಂದು ಹೊಸ ಸಾಲಿನ ಗುರುತು ಅಂಟಿಕೊಂಡು ಬರುತ್ತದೆ, ಅದನ್ನು ತೆಗೆಯಲು ಬೇಕೇ ಬೇಕು. ಹಿಂದಿನ ಖಾಲಿ ಜಾಗವನ್ನು ಅದು ಸೊನ್ನೆ ಬರೆದು ತೆಗೆಯುತ್ತದೆ. ಮುಂದಿನ ಖಾಲಿ ಜಾಗವನ್ನು ತೆಗೆಯುವುದು ಹೇಗೆ? ಅದನ್ನು ದಾಟಿದ ವಿಳಾಸ ವಾಪಸ್ ಕೊಡುತ್ತದೆ. ಅದನ್ನು ಅದೇ ಪಾಯಿಂಟರ್‌ಗೆ ಹಾಕಿಕೊಂಡರೆ ತುದಿ ಮತ್ತೆ ಹೋಯಿತು. ಸ್ಟ್ರಿಂಗಿನ ಮುಂದೆ ಸ್ಪೇಸ್ ಇದ್ದಾಗ ಮಾತ್ರ ಹೋಗುತ್ತದೆ, ಅದಕ್ಕೇ ಟೆಸ್ಟಿಂಗ್‌ನಲ್ಲಿ ಯಾರಿಗೂ ಕಂಡಿಲ್ಲ. ಇದು ಡ್ರೈವರಿನಲ್ಲಿ ಮೂರು ಕಡೆ ಇತ್ತು.

ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಎನ್‌ಕಾಪಿಯೂ ಇತ್ತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಾಗ ತುಂಬಿಹೋದರೆ ಅದು ಕೊನೆಯ ಸೊನ್ನೆ ಹಾಕುವುದಿಲ್ಲ. ಉದ್ದ ಹೆಸರಿನ ಕೋಣೆ ಬಂದರೆ ಓದುವವರು ಪಕ್ಕದ ಮೆಮೊರಿಯನ್ನೂ ಸೇರಿಸಿ ಓದುತ್ತಾರೆ. 2015ರಿಂದ ಕರ್ನಲ್‌ನಲ್ಲಿ ಸ್ಟ್ರ್‌ಎಸ್‌ಕಾಪಿ ಇದೆ. ಸೊನ್ನೆ ತಪ್ಪದೆ ಹಾಕುತ್ತದೆ, ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತ ಹೇಳುತ್ತದೆ. ಅದಕ್ಕೆ ಬದಲಿಸಿದೆ, ಹೇಳಿದ್ದನ್ನು ಕೇಳಿಸಿಕೊಳ್ಳುವ ಸಾಲನ್ನೂ ಬರೆದೆ.

ನನ್ನನ್ನು ಜಾಸ್ತಿ ದಿನ ಹಿಡಿದದ್ದು ಇನ್ನೊಂದು. ಇನ್ನೊಂದು ಕಡೆ ಹಳೆಯ ಕೋಡು ನಕಲು ತೆಗೆಯದೆ, ಬೇರೆಯವರೂ ಬದಲಿಸಬಹುದಾದ ಸ್ಟ್ರಿಂಗಿನಲ್ಲೇ ಮೊದಲು ಕೋಲನ್‌ಗಳನ್ನು ಎಣಿಸುತ್ತಿತ್ತು. ಅಷ್ಟು ಪಾಯಿಂಟರ್‌ಗಳಿಗೆ ಜಾಗ ತರುತ್ತಿತ್ತು. ಆಮೇಲೆ ಎರಡನೇ ಸಲ ಅದೇ ಸ್ಟ್ರಿಂಗಿನ ಮೇಲೆ ನಡೆದು ತುಂಡುಗಳನ್ನು ತುಂಬುತ್ತಿತ್ತು. ಎಣಿಸುವುದಕ್ಕೂ ತುಂಬುವುದಕ್ಕೂ ನಡುವೆ ಇನ್ನೊಬ್ಬರು ಬಂದು ಸ್ಟ್ರಿಂಗ್ ಬದಲಿಸಿದರೆ? ಆರು ಎಣಿಸಿ, ಒಂಬತ್ತು ತುಂಬುತ್ತೇವೆ. ಜಾಗ ಆರಕ್ಕೇ ಇರುವುದು.

ಇದೇ ತಪ್ಪು ಲಿನಕ್ಸ್‌ನಲ್ಲೂ ಇತ್ತು ಅಂತ ಗೊತ್ತಾದಾಗ ನನಗೆ ಒಂಥರಾ ಧೈರ್ಯ ಬಂತು. ಕರ್ನಲ್‌ನಲ್ಲಿ ಆರ್ಗ್‌ವಿ ಸ್ಪ್ಲಿಟ್ ಎಂಬ ಸಣ್ಣ ಕಡತವಿದೆ. ಒಂದು ಕಮಾಂಡ್ ಸಾಲನ್ನು ಸ್ಪೇಸ್ ಇದ್ದಲ್ಲಿ ಒಡೆದು ಕೊಡುತ್ತದೆ. ಯಂತ್ರವನ್ನು ಆಫ್ ಮಾಡಲು ಯಾವ ಪ್ರೋಗ್ರಾಂ ಓಡಿಸಬೇಕು ಎಂಬ ಸೆಟ್ಟಿಂಗಿನಂಥ ಕಡೆ ಬೇಕಾಗುತ್ತದೆ. ಅದು ಬಂದದ್ದು 2007ರಲ್ಲಿ. ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಒಡೆದು ಬೇರೆ ಜಿಲ್ಲೆಯಾದ ವರ್ಷವೂ ಅದೇ. ಆಗ ಅದು ಪದಗಳನ್ನು ಎಣಿಸಿ, ಜಾಗ ತಂದು, ಮತ್ತೆ ನಡೆದು, ಒಂದೊಂದು ಪದಕ್ಕೂ ಬೇರೆ ಬೇರೆ ನಕಲು ಮಾಡುತ್ತಿತ್ತು. ಸ್ಟ್ರಿಂಗ್ ಮಧ್ಯೆ ಬದಲಾಗುವುದಿಲ್ಲ ಎಂಬ ನಂಬಿಕೆ ಅದರೊಳಗಿತ್ತು. ಸಿಸ್‌ಸಿಟಿಎಲ್ (ಕರ್ನಲ್ ಓಡುತ್ತಿರುವಾಗಲೇ ಅದರ ಸೆಟ್ಟಿಂಗ್ ಬದಲಿಸುವ ದಾರಿ) ಮೂಲಕ ಅಧಿಕಾರ ಇದ್ದವರು ಯಾವಾಗ ಬೇಕಾದರೂ ಬದಲಿಸಬಹುದಾದ ಸ್ಟ್ರಿಂಗ್‌ಗೆ ಆ ನಂಬಿಕೆ ನಿಲ್ಲುವುದಿಲ್ಲ.

2013ರಲ್ಲಿ ಅದನ್ನು ತಿದ್ದಿದರು. ಆ ತಿದ್ದುಪಡಿಯನ್ನು ನಾನು ಎಷ್ಟು ಸಲ ಓದಿದೆನೋ. ಮೊದಲು ಪೂರ್ತಿ ಸ್ಟ್ರಿಂಗಿನ ಒಂದೇ ಒಂದು ನಕಲು. ಇನ್ನು ಹೊರಗಿನವರು ಏನು ಮಾಡಿಕೊಂಡರೂ ನಮಗೆ ಸಂಬಂಧವಿಲ್ಲ. ನಕಲಿನಲ್ಲಿ ಎಣಿಸಬೇಕು, ನಕಲಿನಲ್ಲೇ ಸ್ಪೇಸ್ ಇದ್ದಲ್ಲಿ ಸೊನ್ನೆ ಬರೆಯಬೇಕು. ಪಾಯಿಂಟರ್‌ಗಳಿಗೆ ಜಾಗ ತರುವಾಗ ಪದಗಳಿಗಿಂತ ಎರಡು ಖಾನೆ ಜಾಸ್ತಿ. ಕೊನೆಯದು ನಲ್‌ಗೆ. ಮೊದಲನೆಯದರಲ್ಲಿ ಆ ನಕಲಿನ ಮೊದಲ ವಿಳಾಸ. ಕರೆದವರಿಗೆ ವಾಪಸ್ ಕೊಡುವುದು ಎರಡನೇ ಖಾನೆಯಿಂದ. ಅಂದರೆ ತುದಿ ಅವರ ಕೈಗೆ ಕಾಣದ ಹಾಗೆ, ಒಂದು ಹೆಜ್ಜೆ ಹಿಂದೆ, ಜೋಪಾನವಾಗಿ ಕೂತಿರುತ್ತದೆ. ಬಿಡುಗಡೆ ಮಾಡುವ ಫಂಕ್ಷನ್ ಒಂದು ಖಾನೆ ಹಿಂದೆ ಹೋಗುತ್ತದೆ, ಅಲ್ಲಿರುವ ನಕಲನ್ನು ಬಿಡುತ್ತದೆ, ಆಮೇಲೆ ಖಾನೆಗಳ ಸಾಲನ್ನು ಬಿಡುತ್ತದೆ. ಹತ್ತು ಪದ ಇದ್ದರೆ ಮೊದಲು ಹನ್ನೊಂದು ಸಲ ಮೆಮೊರಿ ಕೇಳಬೇಕಿತ್ತು, ಹನ್ನೊಂದರಲ್ಲಿ ಯಾವುದು ಸಿಗದಿದ್ದರೂ ಹಿಂದೆ ಬಂದು ಎಲ್ಲಾ ಬಿಡಿಸಬೇಕಿತ್ತು. ಈಗ ಎರಡೇ ಸಲ. ಕೋಡೂ ಚಿಕ್ಕದಾಯಿತು, ತಪ್ಪೂ ಹೋಯಿತು. ನನ್ನ ಕಣ್ಣಿಗೆ ಇದು ಒಳ್ಳೆಯ ನೇಯ್ಗೆಯಷ್ಟೇ ಚೆಂದ.

ಅದನ್ನೇ ನೇರವಾಗಿ ಬಳಸಲು ಆಗಲಿಲ್ಲ. ಅದು ಸ್ಪೇಸ್ ಇದ್ದಲ್ಲಿ ಮಾತ್ರ ಒಡೆಯುತ್ತದೆ, ಪಕ್ಕಪಕ್ಕದ ಸ್ಪೇಸ್‌ಗಳನ್ನು ಒಂದೇ ಎಂದು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಎರಡು ಕೋಲನ್ ಅಂಟಿಕೊಂಡಿದ್ದರೆ ನಡುವಿನ ಖಾಲಿಗೂ ಅರ್ಥವಿದೆ. ಕನಿಷ್ಠ ಮಿತಿ ಹಾಕಿಲ್ಲ, ಹಳೆಯದೇ ಇರಲಿ ಅಂತ. ಅಲ್ಲಿ ಸ್ಟ್ರ್‌ಸೆಪ್ ಸರಿ. ಅದು ಖಾಲಿ ತುಂಡನ್ನೂ ಖಾಲಿಯಾಗಿಯೇ ಕೈಗೆ ಕೊಡುತ್ತದೆ. ಹಾಗಾಗಿ ಸ್ಟ್ರ್‌ಸೆಪ್ ಉಳಿಸಿಕೊಂಡೆ, ಆರ್ಗ್‌ವಿ ಸ್ಪ್ಲಿಟ್‌ನ ಬುದ್ಧಿ ತೆಗೆದುಕೊಂಡೆ. ಪ್ರತಿ ಚಾನೆಲ್‌ಗೂ ಒಂದು ಚಿಕ್ಕ ಸ್ಟ್ರಕ್ಚರ್. ಅದರ ಮೊದಲ ಫೀಲ್ಡ್ ನಕಲಿನ ಮೊದಲ ವಿಳಾಸ. ಅದನ್ನು ಯಾವ ಫಂಕ್ಷನ್‌ಗೂ ಬದಲಿಸುವ ಹಕ್ಕಿಲ್ಲ. ನಡೆಯುವುದಕ್ಕೆ ಬೇರೆ ಪಾಯಿಂಟರ್. ಆ ಫೀಲ್ಡಿಗೆ ನಾನು 'ತುದಿ' ಎಂದೇ ಹೆಸರಿಟ್ಟಿದ್ದೆ. ರಿವ್ಯೂ ಮಾಡಿದವರು ಕನ್ನಡ ಬಾರದವರಿಗೆ ಅರ್ಥವಾಗುವುದಿಲ್ಲ ಎಂದರು. ಅವರ ಮಾತು ಸರಿ. 'ಬೇಸ್' ಅಂತ ಬದಲಿಸಿದೆ.

ಅಲಾರಂ ನಿಲ್ಲುತ್ತಿದ್ದದ್ದು ಯಾಕೆ ಅಂತ ಇನ್ನೂ ಹೇಳಿಲ್ಲ. ಹಳೆಯ ಕೋಡು ಸ್ಪಿನ್‌ಲಾಕ್, ಅಂದರೆ ಬೇರೆಯವರು ಒಳಗೆ ಬರದಂತೆ ಹಾಕುವ ಬೀಗ, ಹಿಡಿದುಕೊಂಡು ಮೆಮೊರಿ ಕೇಳುತ್ತಿತ್ತು. ಸ್ಪಿನ್‌ಲಾಕ್ ಹಿಡಿದವರು ನಿದ್ದೆ ಮಾಡುವ ಹಾಗಿಲ್ಲ. ಸಾಮಾನ್ಯ ರೀತಿಯಲ್ಲಿ ಕೇಳಿದರೆ, ಮೆಮೊರಿ ಸಿಗುವವರೆಗೆ ಕರ್ನಲ್ ನಮ್ಮನ್ನು ಮಲಗಿಸಬಹುದು. ಹಿಂದೆ ಯಾರೋ ಅದಕ್ಕೆ ಕರ್ನಲ್ ಕೊಟ್ಟ ಎಚ್ಚರಿಕೆ ನೋಡಿ ಜಿಎಫ್‌ಪಿ ಅಟಾಮಿಕ್ ಎಂದು ಬದಲಿಸಿದ್ದಾರೆ. ಎಚ್ಚರಿಕೆ ಹೋಯಿತು. ಆದರೆ ಅಟಾಮಿಕ್ ಅಂದರೆ ಕಾಯುವುದಿಲ್ಲ, ಇದ್ದರೆ ಕೊಡು ಇಲ್ಲದಿದ್ದರೆ ಇಲ್ಲ ಅನ್ನು ಎಂದರ್ಥ. ನಾಲ್ಕನೇ ದಿನ ಮೆಮೊರಿ ಬರಿದಾಗುತ್ತಾ ಬಂದಾಗ ಅದು ಇಲ್ಲ ಎನ್ನುತ್ತಿತ್ತು. ನಲ್ ಬಂದಿದೆಯಾ ಅಂತ ಯಾರೂ ನೋಡುತ್ತಿರಲಿಲ್ಲ. ಸ್ಟ್ರ್‌ಸೆಪ್‌ಗೆ ನಲ್ ಕೊಟ್ಟರೆ ಬೀಳುವುದಿಲ್ಲ, ತುಂಡು ಮುಗಿಯಿತು ಎನ್ನುತ್ತದೆ. ಲೂಪ್ ಒಂದು ಸಲವೂ ಓಡುವುದಿಲ್ಲ. ಚಾನೆಲ್ಲಿನ ಎಲ್ಲಾ ಸೆಟ್ಟಿಂಗ್ ಸೊನ್ನೆ. ಅಲಾರಂ ಬೇಕೋ ಬೇಡವೋ ಎಂಬುದೂ ಸೊನ್ನೆ, ಅಂದರೆ ಬೇಡ.

ಇದನ್ನು ಕಂಡ ದಿನ ನನಗೆ ನಿಜಕ್ಕೂ ಸಿಟ್ಟು ಬಂತು. ಯಾರ ಮೇಲೂ ಅಲ್ಲ, ಆ ಸದ್ದಿಲ್ಲದ ಸೊನ್ನೆಯ ಮೇಲೆ. ಒಳಗೆ ಯಾರದೋ ಮಾಲು ಇರುತ್ತದೆ. ನಮ್ಮ ಕಡೆ ಒಂದು ಲೋಡ್ ಟೊಮ್ಯಾಟೊ, ಒಂದು ಲೋಡ್ ದ್ರಾಕ್ಷಿ ಹಾಳಾದರೆ ಏನಾಗುತ್ತದೆ ಅಂತ ನಾನು ಮನೆಗಳಲ್ಲಿ ನೋಡಿದ್ದೇನೆ. ಡಬ್ಬಿ ಬಿದ್ದರೆ ಕನಿಷ್ಠ ಗೊತ್ತಾಗುತ್ತದೆ. ಬದುಕಿದ್ದೂ ಸುಮ್ಮನಿರುವ ಅಲಾರಂ ಅದಕ್ಕಿಂತ ಕೆಟ್ಟದ್ದು.

ಈಗ ಕ್ರಮ ತಲೆಕೆಳಗು ಮಾಡಿದ್ದೇನೆ. ಹೊಸ ಸೆಟ್ಟಿಂಗ್ ಅನ್ನು ಲಾಕ್ ಹಿಡಿಯುವ ಮೊದಲೇ, ಬೇಕಾದಷ್ಟು ಕಾಯಬಹುದಾದ ಜಾಗದಲ್ಲಿ, ಪೂರ್ತಿ ತಯಾರು ಮಾಡುತ್ತೇನೆ. ನಕಲು, ತುಂಡು, ಪರೀಕ್ಷೆ ಎಲ್ಲಾ ಅಲ್ಲೇ. ಏನಾದರೂ ತಪ್ಪಿದ್ದರೆ ಹೊಸದನ್ನು ಬಿಟ್ಟು, ಎರರ್ ವಾಪಸ್ ಕೊಟ್ಟು ಹೊರಡುವುದು. ಹಳೆಯ ಸೆಟ್ಟಿಂಗ್ ಹಾಗೇ ನಡೆಯುತ್ತಿರುತ್ತದೆ. ಎಲ್ಲಾ ಸರಿ ಇದ್ದರೆ ಮಾತ್ರ ಲಾಕ್ ಹಿಡಿದು ಒಂದು ಪಾಯಿಂಟರ್ ಅದಲು ಬದಲು. ಲಾಕ್ ಬಿಟ್ಟ ಮೇಲೆ ಹಳೆಯದನ್ನು ಕೆಫ್ರೀ. ಲಾಕ್ ಒಳಗಿನ ಸಾಲುಗಳು 70ರಿಂದ ಎರಡಕ್ಕೆ ಇಳಿದವು.

ಕೆಲಸ ಮಾಡಿದ ರೀತಿಯ ಬಗ್ಗೆ ಒಂದು ಮಾತು, ಈ ವಿಷಯದಲ್ಲಿ ನಾನು ಹಟಮಾರಿ. ಸೋರಿಕೆ ನಿಲ್ಲಿಸುವ ತಿದ್ದುಪಡಿ ಬೇರೆ, ಕೋಡಿನ ರಚನೆ ಬದಲಿಸುವ ರಿಫ್ಯಾಕ್ಟರಿಂಗ್ ಬೇರೆ. ಮೊದಲನೆಯದು ಎರಡೇ ಸಾಲು. ತುದಿಯನ್ನು ಇನ್ನೊಂದು ಪಾಯಿಂಟರ್‌ನಲ್ಲಿ ಇಟ್ಟುಕೋ, ಕೊನೆಯಲ್ಲಿ ಅದನ್ನು ಬಿಡು. ಅದನ್ನು ಒಂದೇ ಕಮಿಟ್ (ದಾಖಲಾದ ಬದಲಾವಣೆ) ಆಗಿ ಅದೇ ವಾರ ಕಳಿಸಿದೆ, ಊರೂರಲ್ಲಿ ಗೋಡೆ ಮೇಲಿರುವ ಡಬ್ಬಿಗಳಿಗೆ ಬೇಗ ಹೋಗಲಿ ಅಂತ. ಉಳಿದ ದೊಡ್ಡ ಕೆಲಸ ಆಮೇಲೆ, ಒಂಬತ್ತು ಸಣ್ಣ ಕಮಿಟ್‌ಗಳಲ್ಲಿ. ಎರಡನ್ನೂ ಕಲಸಿ ಕಳಿಸಿದ್ದರೆ ಓದುವವರು ಆ ಎರಡು ಸಾಲನ್ನು 400 ಸಾಲಿನ ರಾಶಿಯಲ್ಲಿ ಹುಡುಕಬೇಕಿತ್ತು.

ರಿಫ್ಯಾಕ್ಟರಿಂಗ್‌ಗೆ ಮುಂಚೆ, ಕರ್ನಲ್ ಕೋಡನ್ನು ಪರೀಕ್ಷಿಸುವ ಕೆಯುನಿಟ್‌ನಲ್ಲಿ ಟೆಸ್ಟ್ ಬರೆದೆ. ಸರಿಯಾದ ಸಾಲು, ಖಾಲಿ ಸಾಲು, ಬರೀ ಕೋಲನ್‌ಗಳ ಸಾಲು, ಮುಂದೆ ಸ್ಪೇಸ್ ಇರುವ ಸಾಲು, ಕೊನೆಗೆ ಹೊಸ ಸಾಲಿನ ಗುರುತು ಇರುವುದು, ಜಾಗಕ್ಕಿಂತ ಒಂದೇ ಅಕ್ಷರ ಉದ್ದದ ಹೆಸರು. ಹಳೆಯ ಕೋಡಿನ ಮೇಲೆ ಓಡಿಸಿದಾಗ ಅರ್ಧಕ್ಕರ್ಧ ಬಿದ್ದವು. ಬೀಳಲಿ ಅಂತಲೇ ಬರೆದದ್ದು. ಮೆಮೊರಿ ತಪ್ಪು ಹಿಡಿಯುವ ಕಾಸಾನ್ ಎಂಬ ಸಾಧನ 32 ಬಿಟ್ ಆರ್ಮ್‌ಗೆ ಬಂದದ್ದು 5.11ರಲ್ಲಿ, ನಮ್ಮದು 5.10. ಅದಕ್ಕೇ ಈ ಭಾಗವನ್ನು ಬೇರ್ಪಡಿಸಿ ಲ್ಯಾಪ್‌ಟಾಪಿನಲ್ಲಿ ಕ್ಯುಎಮು ಎಂಬ ನಕಲಿ ಯಂತ್ರದ ಒಳಗೆ ಓಡಿಸಿದೆ. ಕಾಸಾನ್ ಪ್ರತಿ 8 ಬೈಟಿಗೆ 1 ಬೈಟ್ ನೆರಳು ಇಟ್ಟುಕೊಂಡು ಕಾಯುತ್ತದೆ. ಒಂದು ಬೈಟ್ ಆಚೆ ಕಾಲಿಟ್ಟರೂ ಹಿಡಿಯುತ್ತದೆ.

ಕೆಮೆಮ್‌ಲೀಕ್ ಅಂತ ಇನ್ನೊಂದಿದೆ, 2009ರಿಂದ. ಅದನ್ನು ಓಡಿಸಿದಾಗ ನನಗೆ ಅಮ್ಮನ ಬ್ರಷ್ ನೆನಪಾಯಿತು. ಅದು ಮೆಮೊರಿಯ ಮೇಲೆಲ್ಲ ಆಡುತ್ತಾ, ಕೊಟ್ಟ ಪ್ರತಿ ಖಾನೆಯ ವಿಳಾಸ ಎಲ್ಲಾದರೂ ಯಾರ ಹತ್ತಿರವಾದರೂ ಇದೆಯಾ ಅಂತ ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ, ತುದಿ ಕಳೆದ ಗೂಡು ಇದು ಅಂತ ಪಟ್ಟಿಗೆ ಹಾಕುತ್ತದೆ. ಆ ಖಾನೆಯೊಳಗೆ ಏನಿತ್ತು ಅಂತ ಮೊದಲ ಕೆಲವು ಬೈಟ್‌ಗಳನ್ನೂ ತೋರಿಸುತ್ತದೆ. ಹಳೆಯ ಕೋಡನ್ನು ಹತ್ತು ನಿಮಿಷ ಬಿಟ್ಟು ಸ್ಕ್ಯಾನ್ ಮಾಡಿಸಿದೆ. ಪಟ್ಟಿ ಪುಟಗಟ್ಟಲೆ ಬಂತು. ಪ್ರತಿಯೊಂದರಲ್ಲೂ ನನ್ನ ಸೆಟ್ಟಿಂಗ್ ಸಾಲು, ಕೋಲನ್ ಇದ್ದಲ್ಲೆಲ್ಲ ಸೊನ್ನೆ. ಕೋಣೆಯ ಹೆಸರುಗಳು ಹಾಗೇ ಓದಲು ಬರುತ್ತಿದ್ದವು. ಯಾರೂ ವಾಪಸ್ ಕೇಳದೆ ಬಿಟ್ಟುಹೋದ ಚೀಟಿಗಳ ಹಾಗೆ.

ಹೊಸ ಕೋಡು ಈಗ 168 ಸಾಲು. 2023ರ ನಂತರದ ಕರ್ನಲ್‌ಗಳಲ್ಲಿ ಪಾಯಿಂಟರ್ ತನ್ನ ವ್ಯಾಪ್ತಿ ದಾಟಿದೊಡನೆ ತಾನಾಗಿಯೇ ಕೆಫ್ರೀ ಆಗುವ ಹಾಗೆ ಗುರುತು ಹಾಕಬಹುದು. ಅದು ನಮ್ಮ 5.10ರಲ್ಲಿ ಇಲ್ಲ. ಹಳೆಯ ಪದ್ಧತಿಯಂತೆ ಗೋಟೂ, ಅಂದರೆ ಇನ್ನೊಂದು ಸಾಲಿಗೆ ನೇರ ಜಿಗಿತ, ಹಾಕಿ, ಬಿಡಿಸುವ ಕೆಲಸವನ್ನೆಲ್ಲ ಫಂಕ್ಷನ್ನಿನ ಕೊನೆಯಲ್ಲಿ ಒಂದೇ ಕಡೆ ಇಟ್ಟಿದ್ದೇನೆ. ಕಾಲೇಜಿನಲ್ಲಿ ಗೋಟೂ ಬಳಸಬಾರದು ಅಂತ ಕಲಿತಿದ್ದೆ. ಇಲ್ಲಿ ಅದೇ ಸರಿ, ಮೇಲಿನಿಂದ ಕೆಳಗೆ ಒಂದೇ ದಾರಿಯಲ್ಲಿ ಓದಿಕೊಂಡು ಬರಬಹುದು.

ಡಬ್ಬಿ ಇನ್ನೂ ಮೇಜಿನ ಮೇಲೇ ಇದೆ. ಯುಪಿಎಸ್‌ಗೆ ಹಾಕಿದ್ದೇನೆ, ಕರೆಂಟ್ ಹೋದಾಗ ಎಣಿಕೆ ತಪ್ಪದಿರಲಿ ಅಂತ. ಬೆಳಿಗ್ಗೆ ಕಾಫಿ ಜೊತೆ, ಕರ್ನಲ್ ಕೊಟ್ಟ ಖಾನೆಗಳ ಲೆಕ್ಕ ಇರುವ ಸ್ಲ್ಯಾಬ್ ಪಟ್ಟಿ ತೆಗೆದು 64 ಬೈಟಿನ ಖಾನೆಗಳ ಸಾಲು ನೋಡುತ್ತೇನೆ. ಮೊದಲು ಅದು ಪ್ರತಿ ಸಲ ನೋಡಿದಾಗಲೂ ಮೇಲೆ ಏರುತ್ತಿತ್ತು. ಇವತ್ತಿಗೆ 23 ದಿನ. ಎರಡು ಸಾವಿರದ ಆಸುಪಾಸಿನಲ್ಲೇ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಆಡಿಕೊಂಡು ನಿಂತಿದೆ. ಅಮ್ಮ ಮಹಡಿ ಹತ್ತಿ ಬಂದಾಗ ಆ ಸಾಲು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಸಿಕ್ತಾ ತುದಿ?" ಅಂದಳು. ಸಿಕ್ತು ಅಮ್ಮ ಅಂದೆ. ಹಾಗಿದ್ರೆ ಊಟಕ್ಕೆ ಬಾ, ಹಿತಕಬೇಳೆ ಸಾರು ಆರಿಹೋಗುತ್ತೆ ಅಂತ ಇಳಿದು ಹೋದಳು.